ತೊಂಬತ್ತಾರನೆಯ ಬಾವಿ

ನಮ್ಮ ಲ್ಯಾಬಿನ ತಟ್ಟೆಗೆ ತೊಂಬತ್ತಾರು ಬಾವಿ,
ಒಂದೊಂದೂ ಕಡಲೆಕಾಳಿನಷ್ಟು ಆಳ.
ಬಳ್ಳಾರಿಯ ಬೆಳಗಿನ ಎಂಟರ ರಕ್ತ, ಸಂಜೆ ನಾಲ್ಕರ ರಕ್ತ
ಹನಿಹನಿಯಾಗಿ ಅಲ್ಲಿಗಿಳಿಯುತ್ತದೆ.
ಯಾರ ಮೈಯಲ್ಲಿ ಕಾರ್ಟಿಸಾಲ್ ಎಷ್ಟೆಂದು
ಹಳದಿ ಬಣ್ಣ ಹೇಳುತ್ತದೆ, ಅದೂ ಉಲ್ಟಾ:
ಅಂಜಿಕೆ ಹೆಚ್ಚಿದಷ್ಟೂ ಬಣ್ಣ ಮಾಸುತ್ತದೆ.

ಆ ಗುರುವಾರ ಹೆಸರಿದ್ದವರೆಲ್ಲ ಕೂತ ಮೇಲೆ
ಕೊನೆಯ ಮೂಲೆಯಲ್ಲೊಂದು ಖಾಲಿ ಉಳಿದಿತ್ತು.

ಕೆಳಗಡೆ ಗೌಸ್ ಪೀರಾನ ಅಂಗಡಿ.
ಕೌಲ್ ಬಜಾರಿನ ಆ ಓಣಿಯಲ್ಲಿ ಸಮುದ್ರ ಕಲಸುವವನು ಅವನೊಬ್ಬನೇ:
ಡ್ರಮ್ಮಿಗೆ ಫಿಲ್ಟರ್ ನೀರು, ಲೀಟರಿಗೆ ಮೂವತ್ತೈದು ಗ್ರಾಂ ಉಪ್ಪು,
ಹಳೇ ಫ್ಯಾನಿನ ರೆಕ್ಕೆಯಿಂದ ತಿರುವಿ
ಬೆರಳು ನೆಕ್ಕಿ, ಸೂರು ನೋಡಿ, ಇನ್ನೊಂದು ಚಿಟಿಕೆ.
ಸಮುದ್ರ ನೋಡಿದ್ದೀಯೇನೋ ಅಂದರೆ
"ರುಚಿ ಗೊತ್ತೈತ್ರಿ ಮೇಡಂ, ನೋಡೋದ್ಯಾಕ" ಅನ್ನುತ್ತಾನೆ.

ಅವತ್ತು ಚೆನ್ನೈಯಿಂದ ಬಂದ ಪಾರ್ಸೆಲ್ಲು
ಗುಂತಕಲ್ಲಿನಲ್ಲಿ ಆರು ತಾಸು ಬಿಸಿಲಿಗೆ ನಿಂತಿತ್ತಂತೆ.
ಹನ್ನೊಂದು ಚೀಲ, ಹನ್ನೊಂದು ಡ್ಯಾಮ್ಸೆಲ್ ಮೀನು,
ಹೆಬ್ಬೆರಳಷ್ಟು ನೀಲಿ, ಬಾಲಕ್ಕೆ ಅರಿಶಿಣ.
ನಾಲ್ಕು ಮಗುಚಿದ್ದವು.
ಉಳಿದವು ಚೀಲದ ಮೂಲೆಗೆ ಮುಖ ಒತ್ತಿ ನಿಂತಿದ್ದವು,
ಕಿವಿರು ಮಾತ್ರ ಬಡಿಯುತ್ತಿತ್ತು.
"ಏನಾಗೇತ್ರಿ ಇವಕ? ನಿಮ್ಮ ಮಷಿನ್ನಿಗೆ ತಿಳೀತೈತೇನು?"

ಗೊತ್ತಿದ್ದಷ್ಟು ಹೇಳಿದೆ, ಮೆಟ್ಟಿಲ ಮೇಲೆ ನಿಂತೇ.
ತಲೆಯ ಹಿಂದೆ, ಮೂತ್ರಪಿಂಡದ ತುದಿಯಲ್ಲಿ
ಒಂದಷ್ಟು ಜೀವಕೋಶಗಳು ಅದನ್ನು ಹಿಂಡುತ್ತವೆ.
ನಮ್ಮಲ್ಲಿ ಓಡಾಡುವ ಅಣುವೇ, ಕೂದಲೆಳೆಯ ವ್ಯತ್ಯಾಸವಿಲ್ಲ.
ಆದರೆ ಮೀನಿಗೆ ಅದು ಬರೀ ಹೆದರಿಕೆಯಲ್ಲ ಗೌಸ್,
ಕುಡಿದ ಕಡಲಿನ ಉಪ್ಪನ್ನು ಕಿವಿರಿನಿಂದ ಹೊರದಬ್ಬುವ
ಹಮಾಲರನ್ನು ಎಬ್ಬಿಸುವುದೂ ಅದೇ.
ಅದಿಲ್ಲದೆ ಹೋದರೆ ಸಮುದ್ರದಲ್ಲೇ ಮೀನು ಉಪ್ಪಿನಕಾಯಿ.

ಕೆಲಸ ಮುಗಿದ ಮೇಲೆ ಯಕೃತ್ತು ಅದರ ಹಲ್ಲು ಕೀಳುತ್ತದೆ:
ಎರಡು ಹೈಡ್ರೋಜನ್ ಕಳಚಿ, ಸಕ್ಕರೆಯದೊಂದು ಬಾಲ ಕಟ್ಟಿ
ಪಿತ್ತದೊಳಗೆ ಸಾಗಹಾಕುತ್ತದೆ.
ಒಂದಿಷ್ಟು ಹಾಗೇ, ಹಲ್ಲಿದ್ದಂತೆಯೇ,
ಕಿವಿರಿನಿಂದ ಸೋರಿ ನೀರಿಗೆ ಸೇರುತ್ತದೆ.
ಕಡಲಿಗೆ ಅದು ಲೆಕ್ಕಕ್ಕೇ ಇಲ್ಲ.
ಅರ್ಧ ಲೀಟರಿನ ಚೀಲಕ್ಕೆ?
ಬಿಟ್ಟ ಹೆದರಿಕೆಯನ್ನೇ ತಿರುಗಿ ಉಸಿರಾಡಬೇಕು.

ಗೌಸ್ ಮಾತಾಡಲಿಲ್ಲ. ಸಿರಿಂಜಿನಲ್ಲಿ
ಚೀಲದ ನೀರು ಒಂದೆರಡು ಎಂಎಲ್ ಎಳೆದು ಕೈಗಿಟ್ಟ.

ಕಿಟ್ ಮನುಷ್ಯರ ರಕ್ತಕ್ಕೆ ಮಾಡಿದ್ದು, ಈ ನೀರು ತೆಳು,
ಬಂದ ಸಂಖ್ಯೆಗೆ ಮರ್ಯಾದೆಯಿಲ್ಲ; ಡಾಕ್ಟರಿಗೆ ತಿಳಿದರೆ ನನಗೂ.
ಆದರೂ ಹಾಕಿದೆ.
ಪಕ್ಕದ ಬಾವಿಯಲ್ಲಿ ಹುಲಿಗೆಮ್ಮ, ಮೂವತ್ತೊಂದು,
ಜೀನ್ಸ್ ತೊಳೆಯುವ ಯೂನಿಟ್ಟು, ಎರಡು ವರ್ಷದಿಂದ ರಾತ್ರಿ ಪಾಳಿ,
ತೋಳು ಚಾಚಿದಾಗ ಕಂಡಿದ್ದೆ
ಉಗುರಿನ ಬುಡದಲ್ಲಿ ಬಿಡದ ನೀಲಿ.

ತಾಸು ಕಳೆದು ನೋಡಿದರೆ ತಟ್ಟೆಯೆಲ್ಲ ಹಳದಿ,
ಮೂಲೆಯ ಎರಡು ಮಾತ್ರ
ನಿಂಬೆಹಣ್ಣು ತೊಳೆದ ನೀರಿನಂತೆ.
ಸಂಜೆಯ ಹೊತ್ತಿಗೆ ಇಳಿಯಬೇಕಾದದ್ದು ಅವಳಲ್ಲಿ ಇಳಿದಿರಲಿಲ್ಲ.
"ಕಮ್ಮಿ ಆಗೇತೇನ್ರಿ?" ಬೆಂಚಿನಿಂದಲೇ ಕೇಳಿದಳು.
ರಿಪೋರ್ಟು ನಾಳೆ, ಡಾಕ್ಟರು ಹೇಳುತ್ತಾರೆ ಅಂದೆ.
"ನಾಳೆ ಮಲಗಿರ್ತೀನ್ರಿ" ಅಂದಳು, ಒಂಚೂರು ನಕ್ಕು,
"ಮಲಗಿದ್ರ."

ರಿಜಿಸ್ಟರಿನಲ್ಲಿ ತೊಂಬತ್ತಾರರ ಎದುರು
'ಖಾಲಿ' ಎಂದು ಬರೆದು ಸಹಿ ಮಾಡಿದೆ.

ಒಂಬತ್ತಕ್ಕೆ ಇಳಿದು ಬಂದರೆ ಅಂಗಡಿ ಕತ್ತಲೆ.
ದೀಪವೆಲ್ಲ ಆರಿಸಿ, ಟ್ಯಾಂಕಿಗೆ ಗೋಣಿತಾಟು ಹೊದಿಸಿ
ಗೌಸ್ ನೆಲದ ಮೇಲೆ ಕೂತಿದ್ದ.
ಸಲಾಯಿನ್ ಪೈಪಿನಿಂದ ಬಕೆಟ್ಟಿಗೆ
ಹೊಸ ಸಮುದ್ರ ಹನಿಯುತ್ತಿತ್ತು,
ಒಂದು. ತಡೆದು, ಇನ್ನೊಂದು.
"ಏಳೂ ಅದಾವು. ಸದ್ದು ಮಾಡಬ್ಯಾಡ್ರಿ."

ಮೇಲೆ ಮರೆತ ಕೊಡೆ ನೆನಪಾಯಿತು.
ಚಪ್ಪಲಿ ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಿದೆ.